ಕಡೆಗೆ ನೋಡಿದ ಕಣ್ಣು

ಸ್ವಾತಂತ್ರ್ಯ ಬಂದ ಮರುವರ್ಷ. ಪರದೇಶದ ಬಂದರಿನ ನಮ್ಮ ದೂತಾವಾಸದಿಂದ ರಜೆಗೆ ಬಂದಿದ್ದ ಪ್ರಭಾಕರರಾಯರನ್ನು ಕರ್ಜಗಿಯ ಸಿದ್ದವ್ವ ಹಾವೇರಿ ಸ್ಟೇಷನ್ನಿನಲ್ಲಿ ಹುಡುಕಿ ಹಿಡಿದಳು. ಹೆಂಡತಿ ಪದ್ಮಾಬಾಯಿ ಪಕ್ಕದಲ್ಲೇ ಕುಳಿತು ಕೇಳುತ್ತಿದ್ದಳು.

“ಹಡಗಿನ್ಯಾಗ ದುಡೀತಿದ್ದ ನನ್ನ ಮಗ ತೀರಿಕೊಂಡಾಗ ಈ ಕಾಗದ ಬರದವ್ರು ನೀವ ಏನ್ರಿ?”

“ಹೌದವಾ.”

“ಜೀವ ಹೋಗೂತನಕ ಬಾಜೂಕ ಕುಂತಿದ್ರಂತಲ್ಲರಿ?”

“ಹೂಂ... ಹಂಗ ಬರದೀನಿ.”

ಆ ಹುಡುಗ ಸತ್ತ ಸಂಜೆ ಗಂಡ ತನ್ನ ಜೊತೆ ದೊಡ್ಡ ಸಾಹೇಬರ ತೋಟದ ಚಹಾಕೂಟದಲ್ಲಿದ್ದುದನ್ನು ಪದ್ಮಾಬಾಯಿ ಮರೆತಿರಲಿಲ್ಲ. ಸತ್ತ ಖಲಾಸಿಗಳ ಮನೆಗೆಲ್ಲ ರಾಯರು ಕಳಿಸುತ್ತಿದ್ದುದು ಅದೇ ಒಕ್ಕಣೆ.

“ಅವನ ಮಾರಿ ಕಡೀಕ ನೋಡಿದ್ದು ನಿಮ್ಮ ಕಣ್ಣರಿ. ಒಮ್ಮೆ ನನ್ನ ಕಡೆ ನೋಡ್ರಿ, ಸಾಕು.”

“ಗಾಡಿ ಬಂತು,” ಎಂದು ರಾಯರು ನೆಲ ನೋಡುತ್ತಲೇ ಎದ್ದು ನಡೆದರು. ಪದ್ಮಾಬಾಯಿಯೂ ತಲೆ ತಗ್ಗಿಸಿ ಹಿಂದೆಯೇ ಹೋದಳು. ಹಳಿ ಇನ್ನೂ ಖಾಲಿಯಿತ್ತು.