ಮಾಸ್ಟರ್ ಕೆಡಿಸದ ಬಟ್ಟೆ

ವೇದಿಕೆಯ ಮೇಲಿರುವ ದರ್ಜಿಗಳ ಸಂಘದ ಅಧ್ಯಕ್ಷರೇ, ನಮ್ಮ ಅಂಗಡಿ ಮಾಲೀಕರೇ, ಇವತ್ತು ಬೀಳ್ಕೊಡುಗೆ ಪಡೆಯುತ್ತಿರುವ ಕಟಿಂಗ್ ಮಾಸ್ಟರೇ, ಮೂರನೇ ಸಾಲಿನಲ್ಲಿ ಕೂತಿರುವ ನಮ್ಮ ಮಾವನವರೇ ಮತ್ತು ಸಭಿಕರೇ,

ನನಗೆ ಕೊಟ್ಟಿರುವುದು ಹಾರ ಹಾಕಿ ಎರಡು ಮಾತಾಡುವ ಕೆಲಸ. ಹಾರ ಹಾಕಿಯಾಯಿತು. ಆದರೆ ಅಧ್ಯಕ್ಷರು ಈಗಷ್ಟೇ, ಮೂವತ್ತೆಂಟು ವರ್ಷ ಕತ್ತರಿ ಹಿಡಿದವರು ಕೊನೆಗಾಲದಲ್ಲಿ ಒಂದು ಮದುವೆ ಸೂಟು ಕೆಡಿಸಿದರೆ ಅದನ್ನು ಮರೆತುಬಿಡೋಣ ಎಂದರು. ಮರೆಯುವುದು ಹೇಗೆ ಸ್ವಾಮಿ? ಆ ಸೂಟು ನನ್ನದು. ಅದು ಕೆಟ್ಟೇ ಇರಲಿಲ್ಲ. ಕೆಟ್ಟಿದ್ದು ನಾನು.

ಮದುವೆಗೆ ಒಂಬತ್ತು ದಿನ ಇತ್ತು. ತಾಯಂದಿರು ಕ್ಷಮಿಸಬೇಕು, ನನ್ನ ಬಲಗಡೆಯ ಬೀಜ ಊದಿಕೊಂಡಿತು. ಅಮ್ಮನಿಗೆ ಹೇಳುವುದೇ? ಅಕ್ಕನಿಗೆ ಹೇಳುವುದೇ? ಸೊಂಟ ನೋವು ಎಂದೆ. ಅಮ್ಮ ಸೊಂಟಕ್ಕೆ ಎಣ್ಣೆ ತಿಕ್ಕಿದಳು. ನಾಲ್ಕು ದಿನ ಅಂಗಡಿಯಲ್ಲಿ ನಿಂತುಕೊಂಡೇ, ಒಂಟಿ ಕಾಲಲ್ಲಿ ಪೆಡಲ್ ತುಳಿದು ಹೊಲಿದೆ. ಕಾಜಾ ಹಾಕುವ ಚಿಕ್ಕಮ್ಮ, ಮದುಮಗ ಡ್ಯಾನ್ಸು ಕಲಿಯುತ್ತಿದ್ದಾನೆ ಎಂದು ನಕ್ಕರು.

ಐದನೇ ದಿನ ಮಾಸ್ಟರ್ ಸೂಟಿಗೆ ಅಳತೆ ತೆಗೆದರು. ಎದೆ ಆಯಿತು, ಸೊಂಟ ಆಯಿತು. ಟೇಪು ತೊಡೆಯ ಒಳಗೆ ಬಂದಿದ್ದೇ ತಡ, ನಾನು ಇಸ್ತ್ರಿ ಮೇಜಿನ ಮೇಲಿದ್ದೆ.

"ಸೊಂಟ ನೋವು ಮಾಸ್ಟರ್," ಎಂದೆ.

"ಸೊಂಟ ಆಗ್ಲೇ ಅಳೆದಾಯ್ತಲ್ಲಪ್ಪಾ, ಆವಾಗ ನೀನು ಹಾರ್ಲಿಲ್ಲ. ಎಷ್ಟು ದಿನದಿಂದ?"

ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಡಾಕ್ಟರು ಮೊದಲು ಬೈದರು. ಬೀಜ ತಿರುಚಿಕೊಂಡಿದ್ದರೆ ಕೆಲವೇ ಗಂಟೆಯಲ್ಲಿ ಆಪರೇಷನ್ ಆಗಬೇಕಿತ್ತಂತೆ. ಸ್ಕ್ಯಾನು, ಮೂತ್ರ ಪರೀಕ್ಷೆ ಎಲ್ಲ ಮಾಡಿಸಿ, ಎಪಿಡಿಡಿಮಿಸ್ ಊದಿದೆ ಎಂದರು. ಹತ್ತನೇ ಕ್ಲಾಸಿನಲ್ಲಿ ಆ ಪಾಠವನ್ನು ಮೇಷ್ಟ್ರು ಮನೆಯಲ್ಲೇ ಓದಿಕೊಳ್ಳಿ ಎಂದಿದ್ದರು. ಮನೆಯಲ್ಲಿ ಯಾರು ಓದುತ್ತಾರೆ? ಬೀಜದ ಹಿಂದೆ ಅಂಟಿಕೊಂಡಿರುವ ಸಣ್ಣ ಕೊಳವೆ ಅದು, ಬಾಬಿನ್‌ಗೆ ದಾರ ಸುತ್ತಿದ ಹಾಗೆ. ಬಿಚ್ಚಿದರೆ ಆರು ಮೀಟರ್ ಆಗುತ್ತದಂತೆ.

"ಆರು ಮೀಟರಾ? ಎರಡು ಸೂಟಾಗತ್ತೆ," ಎಂದರು ಮಾಸ್ಟರ್.

ಹೊಸ ವೀರ್ಯಾಣುವಿಗೆ ಈಜಲು ಬರುವುದಿಲ್ಲ. ಹೆಚ್ಚುಕಮ್ಮಿ ಎರಡು ವಾರ ಆ ಕೊಳವೆಯೊಳಗೆ ಸಾಗುತ್ತಾ ಬಲಿಯುತ್ತದೆ. ಮೂತ್ರದ ಸೋಂಕು ನನಗೆ ಅಲ್ಲಿಗೇ ಹತ್ತಿತ್ತು. ಮಕ್ಕಳಾಗುತ್ತಾ ಎಂದು ಕೇಳಿದೆ. ಮಾತ್ರೆ ಪೂರ್ತಿ ನುಂಗಿ ಎರಡು ವಾರ ಸುಮ್ಮನೆ ಮಲಗಿದರೆ ಆಗದಿರಲು ಕಾರಣ ಕಾಣುವುದಿಲ್ಲ ಎಂದರು ಡಾಕ್ಟರು.

ಎರಡು ವಾರ ಮಲಗಬೇಕು, ಮದುವೆಗೆ ಐದೇ ದಿನ. ಹೆಣ್ಣಿನ ಕಡೆಯವರಿಗೆ ಏನೆಂದು ಹೇಳುವುದು? ಮಾವನವರ ಹಠ ನಿಮಗೆ ಗೊತ್ತು. ತಾವೇ ಆರಿಸಿ ತಂದ ಬಟ್ಟೆಯ ಸೂಟಿನಲ್ಲೇ ಮದುವೆ ಎಂದಿದ್ದರು. ಮಾಸ್ಟರ್ ನೆಟ್ಟಗೆ ಅವರ ಮನೆಗೆ ಹೋಗಿ, ಕತ್ತರಿ ತಪ್ಪಿತು, ಬಟ್ಟೆ ಹಾಳಾಯಿತು ಎಂದು ತಲೆ ತಗ್ಗಿಸಿ ನಿಂತರು. ಅಂಥದ್ದೇ ಬಟ್ಟೆ ತರಿಸಲು ಮೂರು ವಾರ ಹಿಡಿಯಿತು. ಮದುವೆ ಮುಂದೆ ಹೋಯಿತು, ನಾನು ಗುಣವಾದೆ.

ಮಾಸ್ಟರ ಹೆಸರು ಮಾತ್ರ ಗುಣವಾಗಲಿಲ್ಲ. ಮುದುಕನ ಕಣ್ಣು ಹೋಗಿದೆ ಎಂದು ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ಮಾಲೀಕರು ವಿಶ್ರಾಂತಿ ತಗೊಳ್ಳಿ ಎಂದರು. ಅದಕ್ಕೇ ಈ ಸಮಾರಂಭ. ಇಷ್ಟು ತಿಂಗಳು ನಾನು ಬಾಯಿ ಬಿಡಲಿಲ್ಲ. ಅವರು ಆಣೆ ಹಾಕಿಸಿದ್ದರು ಎನ್ನುವುದು ನೆಪ. ನನಗೆ ನಾಚಿಕೆಯಾಗಿತ್ತು.

ಇಗೋ, ಈ ಚೀಲದಲ್ಲಿರುವುದು ಮೊದಲಿನ ಬಟ್ಟೆ. ಬಿಚ್ಚಿ ತೋರಿಸುತ್ತೇನೆ, ಹಿಂದಿನ ಸಾಲಿನವರೂ ನೋಡಿ. ಒಂದು ಕತ್ತರಿಯೂ ಬಿದ್ದಿಲ್ಲ.

ಮಾಸ್ಟರ್, ಕೂತ್ಕೋ ಅಂತ ಸನ್ನೆ ಮಾಡಬೇಡಿ, ಮುಗಿಸುತ್ತೇನೆ. ಮಾವನವರು ಎದ್ದರು. ವೇದಿಕೆಗೇ ಬರುತ್ತಿದ್ದಾರೆ. ನನಗೆ ಎರಡು ಬಿಡುತ್ತಾರೆ ಅಂದುಕೊಂಡೆ. ಇಲ್ಲ, ನನ್ನನ್ನು ದಾಟಿ ಹೋದರು. ಮಾಸ್ಟರ ಮುಂದೆ, ಅಳತೆ ಕೊಡುವವರ ಹಾಗೆ, ಎರಡೂ ತೋಳು ಚಾಚಿ ನಿಂತಿದ್ದಾರೆ.

ಯಾರಾದರೂ ಒಂದು ಟೇಪು ಕೊಡ್ರಪ್ಪಾ. ಕೇಳಿಸಿಕೊಂಡ ನಿಮಗೆಲ್ಲ ವಂದನೆ, ನಮಸ್ಕಾರ.