ಮೂರು ಅಂಗುಲ ಸರಿದ ಕಂಬ

ಅಧ್ಯಕ್ಷರಾದ ಹತ್ತಿ ವ್ಯಾಪಾರಿ ಅಂದಾನೆಪ್ಪ ಶೆಟ್ಟರೇ, ನರಗುಂದದಿಂದ ಗಾಡಿಯಲ್ಲಿ ಎಲುಬು ಎಣಿಸಿಕೊಳ್ಳುತ್ತ ಬಂದ ಅತಿಥಿಗಳೇ, ನಾಳೆ ಪುಣೆಗೆ ಪರೀಕ್ಷೆಗೆ ಹೊರಟ ನಾಲ್ವರು ತರುಣರೇ, ರೋಣದ ಸಭಿಕರೇ,

ಮೊದಲು ಒಂದು ಅಪರಾಧ ಒಪ್ಪಿಕೊಳ್ಳುತ್ತೇನೆ. ನನ್ನ ಕೈಯಲ್ಲಿರುವ ಈ ಸೀಮೆಸುಣ್ಣ ಪುಣೆಯ ಇಂಜಿನಿಯರಿಂಗ್ ತರಗತಿಯದು. ಕದ್ದು ತಂದೆ. ಕಂಪನಿ ಸರಕಾರಕ್ಕೆ ಸುಣ್ಣ ಹಚ್ಚಿದವರು ಬಹಳ ಮಂದಿ ಇದ್ದಾರೆ. ಸರಕಾರದ ಸುಣ್ಣವನ್ನೇ ಎತ್ತಿದವನು ಬಹುಶಃ ನಾನೊಬ್ಬನೇ.

ಆ ತರಗತಿ ತೆರೆದು ಮೂರು ವರ್ಷವಾಯಿತು. ಈ ಸೀಮೆಯಿಂದ ಓವರ್‌ಸಿಯರ್ ಪರೀಕ್ಷೆ ಪಾಸಾದವನು ನಿಮ್ಮೆದುರು ನಿಂತ ಈ ಪ್ರಭುಲಿಂಗಪ್ಪ ಮಾತ್ರ. ಕಂಬದ ಪ್ರಶ್ನೆಗೆ ಪೂರ್ತಿ ಅಂಕ ಪಡೆದವನೂ ಇವನೇ. ನೀವು ನನಗೆ ಹಾಕಿದ ಹಾರ ಅದಕ್ಕಾಗಿ. ಶೆಟ್ಟರು ನಿನ್ನೆ ಎರಡು ಮಾತು ಹೇಳಿದರು: "ಹುಡುಗರಿಗೆ ಕಂಬದ ಲೆಕ್ಕ ಹೇಳಿಕೊಡ್ರಿ. ನಮ್ಮ ಹೊಸ ಚಾವಡಿಗೆ ಗೌಂಡಿ ಯಾರಂತನೂ ಸಭಾದಾಗ ಹೇಳ್ರಿ. ಆ ಗಜೇಂದ್ರಗಡದ ಗ್ಯಾನಪ್ಪ ಒಬ್ಬಾಂವ ಬ್ಯಾಡ." ಎರಡಕ್ಕೂ ಉತ್ತರ ಒಂದೇ ಕಂಬದಲ್ಲಿದೆ.

ತರುಣರೇ, ಗೋಡೆಯ ಮೇಲೆ ನೋಡಿ. ಚೌಕ ಕಂಬ, ಹನ್ನೆರಡು ಅಂಗುಲಕ್ಕೆ ಹನ್ನೆರಡು. ಮೇಲೆ ಎಪ್ಪತ್ತೆರಡು ಮಣ ಭಾರ. ಭಾರ ನಟ್ಟನಡುವೆ ಕೂತರೆ ಚದರ ಅಂಗುಲಕ್ಕೆ ಅರ್ಧ ಮಣ. ಸುಖ ಸಂಸಾರ. ಆದರೆ ಭಾರ ಮೂರು ಅಂಗುಲ ಪಕ್ಕಕ್ಕೆ ಸರಿದರೆ? ಸರಿದದ್ದನ್ನು ಆರರಿಂದ ಗುಣಿಸಿ, ಹನ್ನೆರಡರಿಂದ ಭಾಗಿಸಿ: ಒಂದೂವರೆ. ಸರಿದ ಕಡೆ ಒಂದಕ್ಕೆ ಒಂದೂವರೆ ಕೂಡಿಸಿ, ಎದುರು ಕಡೆ ಒಂದರಲ್ಲಿ ಒಂದೂವರೆ ಕಳೆಯಿರಿ. ಬಂದದ್ದನ್ನು ಅರ್ಧ ಮಣದಿಂದ ಗುಣಿಸಿ. ಒಂದು ಅಂಚಿಗೆ ಒಂದೂಕಾಲು ಮಣ. ಇನ್ನೊಂದಕ್ಕೆ ಋಣ ಕಾಲು ಮಣ.

ಋಣ ಎಂದರೇನು? ಕಲ್ಲಿನ ಮೇಲೆ ಇಲ್ಲಕ್ಕಿಂತಲೂ ಕಡಿಮೆ ಭಾರ ಇರುವುದು ಹೇಗೆ? ಎರಡು ವರ್ಷದ ಹಿಂದೆ ನಾನೂ ಹೀಗೇ ಕೇಳಿಕೊಂಡೆ. ಕೇಳಿಕೊಂಡು, ಲೆಕ್ಕ ಬರೆಯುವ ಪಾಟಿಯ ಮೇಲಿನ ಆ ಋಣದ ಅಡ್ಡಗೆರೆಯನ್ನು ಬೆರಳಿನಿಂದ ಒರೆಸಿಬಿಟ್ಟೆ. ಪಾಟಿ ಸ್ವಚ್ಛವಾಯಿತು.

ಆಗ ನಾನು ಪರೀಕ್ಷೆಗೆ ಓದುತ್ತ, ಜಕ್ಕಲಿಯ ಸರಕಾರಿ ಚಾವಡಿಯ ಕೆಲಸ ನೋಡಿಕೊಳ್ಳುತ್ತಿದ್ದೆ. ಕಂಬದ ಸಾಲು ರಸ್ತೆಗೆ ಚಂದ ಕಾಣಲೆಂದು ಮೂರು ಅಂಗುಲ ಹೊರಗೆ ಸರಿಸಿದೆ. ತೊಲೆ ಒಳ ಅಂಚಿನ ಕಡೆ ಕೂತಿತು. ಅಲ್ಲಿ ಕಲ್ಲು ಕಟ್ಟುತ್ತಿದ್ದ ಗೌಂಡಿ ಇದೇ ಗ್ಯಾನಪ್ಪ. ಅವನಿಗೆ ತನ್ನದೊಂದು ಪದ್ಧತಿಯಿತ್ತು. ಕಂಬ ನಿಲ್ಲಿಸುವಾಗ ಬುಡದ ನಾಲ್ಕು ಅಂಚಿಗೂ ಒಂದೊಂದು ವೀಳ್ಯದೆಲೆ ಸಿಗಿಸುತ್ತಿದ್ದ. ತೊಲೆ ಏರಿಸಿದ ಮೇಲೆ ಒಂದೊಂದನ್ನೇ ಎಳೆದು ನೋಡುತ್ತಿದ್ದ. ಹರಿದರೆ ಕಂಬ ಚಲೋ. ಅಂದು ಹೊರಗಿನ ಅಂಚಿನ ಎಲೆ ಹರಿಯದೆ, ಇಡಿಯಾಗಿ ಅವನ ಕೈಗೆ ಬಂತು.

"ಎಲಿ ಬಂತ್ರಿ, ಸಣ್ಣ ಧಣೇರ. ಈ ಕಡೆ ಕಂಬ ನೆಲ ಬಿಟ್ಟೈತಿ. ತೊಲಿ ಇಳಸೂಣ್ರಿ."

ನಾನು ನಕ್ಕೆ. "ಗ್ಯಾನಪ್ಪ, ಎಲಿ ತಿನ್ನಾಕ ಇರೋದು, ಲೆಕ್ಕಾ ಮಾಡಾಕಲ್ಲ."

ಅವನ ಹೆಂಡತಿ ಕರಿಯವ್ವ ಮಾಳಿಗೆಗೆ ಮಣ್ಣು ಹೊರುತ್ತಿದ್ದಳು. ನಿಂತಳು. "ತಲಿ ಮ್ಯಾಲಿನ ಬುಟ್ಟಿ ಒಂದ ಕಡೆ ವಾರಿ ಆದರ ನನ್ನ ಕುತ್ತಿಗಿ ಹೇಳತೈತ್ರಿ. ನಿಮ್ಮ ಪಾಟಿ ಯಾಕ ಹೇಳವಲ್ದು?"

ಎಲ್ಲರೂ ನಕ್ಕರು. ಕೂಲಿ ಹೆಂಗಸಿನಿಂದ ನಗಿಸಿಕೊಂಡ ವಿದ್ಯಾವಂತ ಏನು ಮಾಡುತ್ತಾನೆ? "ಮಣ್ಣು ಹಾಕ್ರಿ" ಎಂದೆ. ಹಾಕಿದರು. ಮೂರನೆಯ ದಿನ ಕಂಬ ಒಳಕ್ಕೆ ಮಗುಚಿತು. ಕರಿಯವ್ವ ಅದರ ಕೆಳಗಿದ್ದಳು. ಬುಟ್ಟಿ ಅಷ್ಟು ದೂರ ಉರುಳಿ, ನೆಟ್ಟಗೆ ಕೂತಿತ್ತು.

ಕ್ಷಮಿಸಿ. ಸ್ವಲ್ಪ ನೀರು ಕುಡಿಯುತ್ತೇನೆ.

ಆ ಸಾವಿನ ವಿಚಾರಣೆಗೆ ಧಾರವಾಡದಿಂದ ಒಬ್ಬ ಸಾಹೇಬರು ಬಂದರು. ಅವರಿಗೆ ಕನ್ನಡವಿಲ್ಲ, ಗ್ಯಾನಪ್ಪನಿಗೆ ಇಂಗ್ಲಿಷ್ ಇಲ್ಲ. ನಡುವೆ ದುಭಾಷಿ ನಾನು. ಮಣ್ಣು ಮೆತ್ತಿದ ಪಂಜೆಯಲ್ಲೇ ನಿಂತು ಅವನು ಎಲ್ಲ ಹೇಳಿದ: ಸರಿಸಿದವರು ಯಾರು, ಎಲೆ ಹೇಗೆ ಬಂತು, ತಾನು ಏನೆಂದ. ಕೊನೆಗೆ, "ಆ ಕಡೆ ಕಂಬ ಏನೂ ಹೊರೂದಿಲ್ರಿ, ಬಾಯಿ ಬಿಡತೈತಿ. ಕಲ್ಲಿಗೆ ಬಾಯಿ ಬಂತಂದ್ರ ಅದರ ಕೆಳಗ ನಿಂದರಬಾರದ್ರಿ" ಎಂದ. ಸಾಹೇಬರು ನನ್ನತ್ತ ನೋಡಿದರು. ಅಷ್ಟುದ್ದದ ಮಾತನ್ನು ನಾನು ಇಂಗ್ಲಿಷಿನಲ್ಲಿ ಒಂದೇ ಸಾಲಿಗೆ ಇಳಿಸಿದೆ: ತಪ್ಪು ತನ್ನದೇ ಎನ್ನುತ್ತಾನೆ.

ತರ್ಜುಮೆಯಲ್ಲಿ ಮಾತು ಚಿಕ್ಕದಾಗುವುದು ಸಹಜ ಎಂದು ಸಾಹೇಬರು ತಿಳಿದಿರಬೇಕು. ಬರೆದುಕೊಂಡರು. ಅಂದಿನಿಂದ ಗ್ಯಾನಪ್ಪನಿಗೆ ಸರಕಾರಿ ಕೆಲಸವಿಲ್ಲ. ಅವನ ಹೆಸರು ಕೇಳಿ ಖಾಸಗಿಯವರೂ ಕರೆಯುವುದಿಲ್ಲ. ಗಜೇಂದ್ರಗಡದಲ್ಲಿ ಮನೆಮನೆಗೆ ಹೋಗಿ ಬೀಸುವ ಕಲ್ಲಿಗೆ ಉಳಿ ಹಾಕುತ್ತಾನೆ. ಹೋದ ತಿಂಗಳು ಎದುರಾದ. ನಾನು ದಾರಿ ಬದಲಿಸುವಷ್ಟರಲ್ಲಿ, "ಪಾಸಾದ್ರಂತಲ್ರಿ, ಚಲೋ ಆತು" ಎಂದ. ಬೈದಿದ್ದರೆ ಇವತ್ತು ನಾನು ಬೇರೆ ಭಾಷಣ ಮಾಡುತ್ತಿದ್ದೆನೋ ಏನೋ.

ಶೆಟ್ಟರೇ, ಚಾವಡಿಯನ್ನು ಗ್ಯಾನಪ್ಪನಿಗೇ ಕೊಡಿ. ಸಾಹೇಬರಿಗೆ ನಿಜ ಸಂಗತಿ ಬರೆದು ಈ ಬೆಳಿಗ್ಗೆ ಟಪಾಲಿಗೆ ಹಾಕಿದ್ದೇನೆ. ನನ್ನ ನೌಕರಿ ಉಳಿಯಲಾರದು. ಈ ಹಾರವನ್ನೂ ತೆಗೆದು ಮೇಜಿನ ಮೇಲೆ ಇಟ್ಟಿದ್ದೇನೆ.

ಇನ್ನು ಆ ಪೂರ್ತಿ ಅಂಕದ ಸಂಗತಿ. ಪ್ರಶ್ನೆಯ ಕೊನೆಯಲ್ಲಿ ಕೇಳಿದ್ದರು: 'ಉತ್ತರದಲ್ಲಿ ಬರುವ ಋಣ ಚಿಹ್ನೆಯ ಅರ್ಥವನ್ನು ವಿವರಿಸಿ.' ತರಗತಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ವಿಚಾರಣೆಯ ದಿನ ಗ್ಯಾನಪ್ಪ ಕಲ್ಲಿನ ಬಾಯಿಯ ಬಗ್ಗೆ ಹೇಳಿದ್ದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿ ಬರೆದೆ. ಪರೀಕ್ಷೆಯ ಆ ಒಂದು ದಿನ ನನ್ನ ತರ್ಜುಮೆ ತಪ್ಪಲಿಲ್ಲ.

ಇಷ್ಟು ಹೊತ್ತು ಸಹಿಸಿಕೊಂಡದ್ದಕ್ಕೆ ನಿಮಗೆ ಕೃತಜ್ಞ. ನಮಸ್ಕಾರ.