ಮುರುಕ್ಕು ಅಂದ್ರೆ ಮುರಿಯೋದಲ್ಲ

ನನ್ನ ಕೈಲಾಗಲ್ಲ ಅಂದಿದ್ದು ನಮ್ಮಣ್ಣ, ಬೇರೆ ಯಾರೂ ಅಲ್ಲ, ಒಡಹುಟ್ಟಿದ ಅಣ್ಣ. “ಎರಡನೇ ಕ್ಲಾಸು ಓದಿದೋಳು, ಆ ಭಾಷೆ ಬರಲ್ಲ, ಅಲ್ಲಿದ್ದು ಏನು ಮಾಡ್ತೀಯಾ, ನಿನ್ನ ಕೈಲಾಗಲ್ಲ, ಸುಮ್ನೆ ಮೈಸೂರಿಗೆ ಬಂದ್ಬಿಡು” ಅಂತ. ಫೋನಲ್ಲಿ ಅಂದ. ಆಗ ಫೋನ್ ಅಂದ್ರೆ ಬೂತು, ಹಿಂದೆ ಜನ ಸಾಲಾಗಿ ಕಾಯ್ತಿರ್ತಾರೆ, ಅಳೋಣ ಅಂದ್ರೂ ಜಾಗ ಇಲ್ಲ. ನಿಮ್ಮ ತಾತ ತಿರುವನಂತಪುರದಲ್ಲಿ ಒಂದು ಸರ್ಕಾರಿ ಆಫೀಸಿನ ಜೀಪು ಓಡಿಸ್ತಿದ್ರು, ಗುತ್ತಿಗೆ ಕೆಲಸ, ಕಣ್ಣು ಮಂಜಾಗ್ತಾ ಬಂತು. ಡ್ರೈವರಿಗೆ ಕಣ್ಣೇ ಹೋದ್ಮೇಲೆ ಇನ್ನೇನು ಉಳೀತು ಹೇಳು. ನಿಮ್ಮಮ್ಮನಿಗೆ ಆಗ ಆರು ವರ್ಷ, ಅಲ್ಲ, ಏಳು, ಶಾಲೆಗೆ ಸೇರಿಸಿ ಆಗಿತ್ತು. ನಾನು ಬರಲ್ಲ ಅಂದೆ. ಧೈರ್ಯ ಇತ್ತು ಅಂತಲ್ಲ ಅಮ್ಮು, ಅವನು ಆಗಲ್ಲ ಅಂದ್ನಲ್ಲ, ಅದಕ್ಕೆ.

ಆ ಹಳೇ ಬ್ರಷ್ಷು ಇತ್ತ ಕೊಡು. ನೋಡು ನಿನ್ನ ಗಾಡಿ ಚೈನು, ಕೆಂಪಗಾಗಿದೆ. ಈ ಕೊಚ್ಚೀಲಿ ದಿನಾ ವಲ್ಲಾರ್ಪಾಡಂ ಸೇತುವೆ ಮೇಲೆ ಹೋಗಿ ಬರ್ತೀಯ, ಕಾಕ್ಕನಾಡಲ್ಲಿ ಬಿಸಿಲಿಗೆ ನಿಲ್ಲಿಸ್ತೀಯ, ಸಮುದ್ರದ ಗಾಳೀಲಿ ಉಪ್ಪಿರುತ್ತೆ, ಕಣ್ಣಿಗೆ ಕಾಣಲ್ಲ, ಕಬ್ಬಿಣಕ್ಕೆ ಕಾಣುತ್ತೆ. “ಚೆಯ್ಯಾಂ ಅಮ್ಮೂಮ್ಮೇ” ಅಂತೀಯ. ಮಾಡ್ತೀನಿ ಅಜ್ಜಿ ಅಂದಿದ್ದು ಓಣಂಗೆ ಮುಂಚೆ. ಸರಿ, ಎಲ್ಲಿದ್ದೆ ನಾನು. ಹಾಂ, ಕೆಲಸ. ತಿರುವನಂತಪುರದಲ್ಲಿ ನಮ್ಮ ಬೀದೀಲಿ ಹಾಸನದ ಕಡೆಯೋರು ಒಬ್ಬರಿದ್ರು, ಶ್ರೀಧರ ರಾಯರು ಅಂತ, ಬ್ಯಾಂಕಿನಲ್ಲಿ ಆಫೀಸರ್ರು. ಕನ್ನಡದೋರು ಅಂತ ನನ್ನ ಕಷ್ಟ ಕೇಳಿ, ತಾವು ಬೈಕ್ ರಿಪೇರಿಗೆ ಬಿಡ್ತಿದ್ದ ವರ್ಕ್‌ಶಾಪಿಗೆ ಕರ್ಕೊಂಡು ಹೋದ್ರು. ಅದರ ಯಜಮಾನನ್ನ ಎಲ್ಲರೂ ಆಶಾನ್ ಅನ್ನೋರು, ಕೆಲಸ ಕಲಿಸೋ ಗುರುವಿಗೆ ಇಲ್ಲಿ ಹಾಗೇ ಅನ್ನೋದು, ನಿನಗೆ ಗೊತ್ತಲ್ಲ. ಆಶಾನ್ ನನ್ನ ಸೀರೆ ನೋಡಿದ, ಬಕೆಟ್ ನೋಡಿದ, ತೊಳಿ ಅಂತ ಸನ್ನೆ ಮಾಡಿದ. ಅಷ್ಟೇ ಇಂಟರ್ವ್ಯೂ.

ತೊಳೆಯೋದು ಅಂದ್ರೆ ಏನು ಮಹಾ ಅಂತ ನಾನೂ ಅಂದ್ಕೊಂಡಿದ್ದೆ. ಮೊದಲನೇ ದಿನವೇ ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿದು ಬೈಸ್ಕೊಂಡೆ. ಚಕ್ರದ ನಡುವಿನ ಬೇರಿಂಗಿಗೆ ಪೈಪಿನ ನೀರು ನೇರವಾಗಿ ಬಿಡಬಾರದು, ಗ್ರೀಸು ಹೊರಟು ಹೋಗುತ್ತೆ. ಚೈನಿಗೆ ಸೀಮೆಎಣ್ಣೆ, ಹಲ್ಲುಜ್ಜೋ ಬ್ರಷ್ಷು, ಆಮೇಲೆ ಒಣಬಟ್ಟೆ, ಆಮೇಲೇನೇ ಎಣ್ಣೆ. ಒದ್ದೆ ಚೈನಿಗೆ ಎಣ್ಣೆ ಹಾಕಿದ್ರೆ ಒಳಗಿನ ನೀರು ಒಳಗೇ ಉಳಿಯುತ್ತೆ, ಗೊತ್ತಾ. ಇದೆಲ್ಲ ಯಾರೂ ಬಾಯಲ್ಲಿ ಹೇಳಲಿಲ್ಲ, ಹೇಳಿದ್ರೂ ಅರ್ಥ ಆಗ್ತಿರಲಿಲ್ಲ, ಕೈ ನೋಡಿ ಕಲಿತಿದ್ದು. ಅಲ್ಲಿ ಮಳೆ ಹಿಡಿದ್ರೆ ಬಿಡಲ್ಲ, ಗಾಡಿಗಳು ಕೆಸರಲ್ಲೇ ಬರೋವು, ಕುಕ್ಕರುಗಾಲಲ್ಲಿ ಕೂತು ಕೂತು ಎದ್ದು ನಿಲ್ಲೋವಾಗ ಗೋಡೆ ಹಿಡೀಬೇಕು. ಎಂಟು ತಿಂಗಳು ಬರೀ ಬಕೆಟ್ಟು. ಆಮೇಲೆ ಒಂದು ದಿನ ಆಶಾನ್ ನನ್ನ ಕೈಗೆ ಸ್ಪ್ಯಾನರ್ ಕೊಟ್ಟ. ಆಯಿಲ್ ಬದಲಾಯಿಸೋದು ಕಲಿಸಿದ. ಇಂಜಿನ್ ಕೆಳಗೆ ಒಂದು ಬೋಲ್ಟಿರುತ್ತೆ, ಬಿಚ್ಚಿದ್ರೆ ಹಳೇ ಆಯಿಲ್ ಇಳಿಯುತ್ತೆ, ಆಮೇಲೆ ಹೊಸ ವಾಷರ್ ಹಾಕಿ ಮೊದಲು ಬರೀ ಬೆರಳಲ್ಲಿ ತಿರುಗಿಸಬೇಕು, ಕೊನೇಲಿ ಸ್ಪ್ಯಾನರಲ್ಲಿ ಒಂದೇ ಒಂದು ಎಳೆತ. ಹೆಚ್ಚು ಎಳೆದ್ರೆ ಒಳಗಿನ ಮರೆ, ಅಂದ್ರೆ ಬೋಲ್ಟು ಕಚ್ಚಿಕೊಳ್ಳೋ ಸುರುಳಿ ಗೆರೆ, ಸವೆದು ಹೋಗುತ್ತೆ, ಅದು ಅಲ್ಯೂಮಿನಿಯಂ, ಮೆತ್ತಗಿರುತ್ತೆ. ಅವತ್ತು ಮನೆಗೆ ಹೋಗಿ ಕೈ ತೊಳೀಲೇ ಇಲ್ಲ ನಾನು. ನಿಮ್ಮ ತಾತಂಗೆ ಬೆರಳು ಮೂಸೋಕೆ ಕೊಟ್ಟೆ, ಅವರಿಗೆ ಕಾಣ್ತಿರಲಿಲ್ಲವಲ್ಲ.

ಆಮೇಲೆ ಬಂದಿದ್ದು ರಾಯರ ಬೈಕೇ. ಮಾರನೇ ದಿನ ಅವರು ಕೊಲ್ಲಂಗೆ ಹೊರಟಿದ್ರು. ನನಗೆ ಉದ್ಯೋಗ ಕೊಡಿಸಿದೋರ ಗಾಡಿ ಅಂತ ಉಗುರಲ್ಲಿ ಮಣ್ಣು ಕೆರೆದು ತೆಗೆದಿದ್ದೀನಿ ನಾನು. ಆಯಿಲ್ ಇಳಿಸಿದೆ, ವಾಷರ್ ಹಾಕಿದೆ, ಬೋಲ್ಟು ಬೆರಳಲ್ಲಿ ಕೂರಿಸಿ ಕೊನೇ ಎಳೆತ ಎಳೆದು, ಮೇಲಿಂದ ಹೊಸ ಆಯಿಲೂ ಹಾಕಿದೆ. ಆಶಾನ್ ಇನ್ನೊಂದು ಗಾಡಿ ಹತ್ರ ಇದ್ದೋನು ಅಲ್ಲಿಂದಲೇ ಕೇಳಿದ, “ಮುರುಕ್ಕಿಯೋ?” ನಗಬೇಡ. ನಿನಗೆ ಮಲಯಾಳ ಹುಟ್ಟಿದಾಗಿಂದ ಬಂದ ಭಾಷೆ. ಬಿಗಿ ಮಾಡಿದ್ಯಾ ಅಂತ ಅವನು ಕೇಳಿದ್ದು. ನನ್ನ ಕಿವಿಗೆ ಬಿದ್ದಿದ್ದು ಮುರುಕಿದ್ಯಾ, ಮುರಿದು ಹಾಕಿದ್ಯಾ ಅಂತ. ನನಗೆ ಸಿಟ್ಟು ಬಂತು, ಇಷ್ಟು ಜತನ ಮಾಡಿದ್ರೂ ಮುರಿದೆ ಅಂತಾನಲ್ಲ ಅಂತ. “ಇಲ್ಲ ಆಶಾನೇ, ಇಲ್ಲವೇ ಇಲ್ಲ” ಅಂದೆ. ಇಲ್ಲ ಅನ್ನೋ ಪದ ಎರಡೂ ಭಾಷೇಲಿ ಒಂದೇ, ಹಾಳಾದ್ದು. ಅವನು ಗೊಣಗ್ಕೊಂಡು ಬಂದ, ಸ್ಪ್ಯಾನರ್ ಹಾಕಿದ, ಬೋಲ್ಟು ಅಲ್ಲಾಡಲಿಲ್ಲ. ಜಿಡ್ಡಿಗೆ ಅಂಟಿಕೊಂಡಿದೆ ಅಂದ್ಕೊಂಡನೋ ಏನೋ, ಉದ್ದ ಹಿಡಿಯ ಸ್ಪ್ಯಾನರ್ ತಂದು ಮೈಭಾರ ಹಾಕಿ ಎಳೆದ. ನಾನು ನೋಡ್ತಾ ನಿಂತಿದ್ದೆ. ಗುರು ಪರೀಕ್ಷೆ ಮಾಡ್ತಿದ್ದಾನೆ ಅಂತ ನಿಂತಿದ್ದೆ.

ರಾಯರ ಗಾಡಿ ಕೊಲ್ಲಂ ದಾರೀಲಿ ಆಟ್ಟಿಂಗಲ್ ದಾಟೋದ್ರೊಳಗೆ ಆಯಿಲೆಲ್ಲ ಸೋರಿ ಇಂಜಿನ್ ಹಿಡ್ಕೊಂಡು ನಿಂತೇ ಹೋಯ್ತು. ಟೆಂಪೋದಲ್ಲಿ ಹೇರಿಸ್ಕೊಂಡು ಬಂದ್ರು. ಬೋಲ್ಟು ಕೈಯಲ್ಲೇ ಗರಗರ ತಿರುಗ್ತಿತ್ತು, ಮರೆ ಪೂರ್ತಿ ಹೋಗಿತ್ತು. ಆಶಾನ್ ನನ್ನ ಕಡೆ ಬೆರಳು ತೋರಿಸಿದ. ರಾಯರು ನನ್ನ ಬೈಲಿಲ್ಲ, ಬೈದಿದ್ರೆ ಚೆನ್ನಾಗಿತ್ತು. “ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬಾರದಿತ್ತಮ್ಮ. ನಿಮ್ಮನ್ನ ಇಲ್ಲಿ ಸೇರಿಸಿದ್ದು ನನ್ನ ತಪ್ಪು” ಅಂತ ಕನ್ನಡದಲ್ಲಿ, ಮೆತ್ತಗೆ ಅಂದ್ರು. ಆಶಾನ್ ಸ್ಪ್ಯಾನರ್ ಕಿತ್ಕೊಂಡ. ಈ ತಿಂಗಳು ತೊಳಿ, ಆಮೇಲೆ ಬರಬೇಡ ಅಂತ ಕೈಯಲ್ಲಿ, ಬಾಯಲ್ಲಿ ಎರಡರಲ್ಲೂ ಹೇಳಿದ. ನನಗೂ ಅನ್ನಿಸಿಬಿಡ್ತು, ನಾನೇ ಏನೋ ಮಾಡಿರಬೇಕು ಅಂತ. ಒಂದು ವಾರ ಬಕೆಟ್ಟಿನ ಮುಂದೆ ಕೂತು ಅದನ್ನೇ ಯೋಚಿಸಿದ್ದೀನಿ.

ಒಂದು ಬೆಳಿಗ್ಗೆ ನಿಮ್ಮಮ್ಮನಿಗೆ ಜಡೆ ಹಾಕ್ತಿದ್ದೆ. ಶಾಲೆಗೆ ಹೊತ್ತಾಗಿತ್ತು. ರಿಬ್ಬನ್ ಹಿಂದಕ್ಕೆ ಚಾಚಿ, “ಅಮ್ಮಾ, ಮುರುಕ್ಕಿ ಕೆಟ್ಟ್” ಅಂದಳು. ಏನೇ ಮುರೀತು, ಏನೇ ಕೆಡ್ತು ಅಂತ ಗಾಬರಿಯಾಗಿ ಅವಳನ್ನ ತಿರುಗಿಸಿ ನೋಡಿದೆ. ಅವಳು ಬಿದ್ದು ಬಿದ್ದು ನಕ್ಕಳು. “ಬಿಗಿಯಾಗಿ ಕಟ್ಟು ಅಂದೆ ಅಮ್ಮಾ, ಅಷ್ಟೂ ಗೊತ್ತಾಗಲ್ವಾ.” ನನ್ನ ಕೈಯಲ್ಲಿ ಜಡೆ ಹಾಗೇ ಉಳೀತು. ಪೂರ್ತಿ ಹಾಕಿದ್ನೋ ಇಲ್ವೋ ನೆನಪಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಆಶಾನ್ ಚಾ ಕುಡೀತಿದ್ದ. ಬರೋ ಅಷ್ಟು ಮಲಯಾಳದಲ್ಲಿ, ಬಾರದ್ದು ಕೈಯಲ್ಲಿ, ಎಲ್ಲ ಹೇಳಿದೆ. ಅವತ್ತು ನಾನು ಮುರುಕ್ಕಿದ್ದೆ. ನೀನು ಕೇಳಿದ್ದು ನನಗೆ ಬೇರೆ ಥರ ಕೇಳಿಸ್ತು, ಇಲ್ಲ ಅಂದೆ. ನೀನು ಅದರ ಮೇಲೆ ಇನ್ನೊಂದು ಸಲ ಎಳೆದೆ. ನನ್ನದು ಕಿವಿ ತಪ್ಪು, ಮರೆ ಹೋಗಿದ್ದು ನಿನ್ನ ಕೈಯಲ್ಲಿ. ಅವನು ಗ್ಲಾಸು ಕೆಳಗಿಟ್ಟ. ಬೋಲ್ಟು ಅಲ್ಲಾಡದೇ ಇದ್ದಿದ್ದು ನೆನಪಾಗಿರಬೇಕು. ಆಮೇಲೆ ಎದ್ದು, ಆಯಿಲ್ ಇಳಿಸಿದ್ದ ಒಂದು ಸ್ಕೂಟರ್ ತಂದು ನನ್ನ ಮುಂದೆ ನಿಲ್ಲಿಸಿ ಸ್ಪ್ಯಾನರ್ ಕೊಟ್ಟ. “ನೀ ತನ್ನೆ ಮುರುಕ್ಕ್” ಅಂದ. ನೀನೇ ಬಿಗಿ ಮಾಡು ಅಂತ. ಮಾಡಿದೆ. ರಾಯರಿಗೂ ಹೇಳ್ತೀಯಲ್ಲ ಅಂತ ಕೇಳಿದೆ. ಆಶಾನ್ ನನ್ನ ಮುಖ ನೋಡಲಿಲ್ಲ. “ನಿನಗೆ ಕೆಲಸ ಬೇಕೋ, ಹೆಸರು ಬೇಕೋ?” ಅಂದ.

ಮನೇಲಿ ಎರಡು ಹೊಟ್ಟೆ ಕಾಯ್ತಿದ್ವು ಅಮ್ಮು. ನಾನು ಸ್ಪ್ಯಾನರ್ ಕೆಳಗಿಡಲಿಲ್ಲ, ರಾಯರಿಗೆ ಏನೂ ಹೇಳಲೂ ಇಲ್ಲ.

ಅವತ್ತಿಂದ ವರ್ಕ್‌ಶಾಪಿನ ಗೋಡೆ ಮೇಲೆ ಇದ್ದಿಲಲ್ಲಿ ಬರೆಯೋದಕ್ಕೆ ಶುರು ಮಾಡಿದೆ, ಕನ್ನಡ ಅಕ್ಷರದಲ್ಲಿ. ಮುರುಕ್ಕು ಅಂದ್ರೆ ಬಿಗಿ. ಅಳಿಕ್ಕು ಅಂದ್ರೆ ಬಿಚ್ಚು, ಅಳಿಸೋದಲ್ಲ. ಆಮೇಲೆ ಆಯಿಲ್ ಡಬ್ಬದ ಮೇಲಿನ ಮಲಯಾಳ ಅಕ್ಷರ, ಆಮೇಲೆ ಪೇಪರು, ಆಮೇಲೆ ಬೈಕ್ ಕಂಪನಿಯ ರಿಪೇರಿ ಪುಸ್ತಕ. ಒಬ್ಬರೂ ಕಲಿಸಲಿಲ್ಲ. ಆಶಾನ್ ಹತ್ರ ಹದಿನೈದು ವರ್ಷ ಇದ್ದೆ, ನಿಮ್ಮಮ್ಮನಿಗೆ ಕೊಚ್ಚೀಲಿ ಕೆಲಸ ಸಿಕ್ಕಿದ ಮೇಲೆ ಇಲ್ಲಿಗೆ ಬಂದಿದ್ದು. ರಾಯರು ಮತ್ತೆ ಗಾಡಿ ತರಲಿಲ್ಲ. ಬೀದೀಲಿ ಕಂಡ್ರೆ ತಲೆ ಬಗ್ಗಿಸಿ ಹೋಗೋರು, ವರ್ಗವಾಗಿ ಹೋಗೋವಾಗ ಎಲ್ಲರ ಮನೇಗೂ ಬಂದು ಹೇಳಿದ್ರಂತೆ, ನಮ್ಮ ಮನೇಗೆ ಬರಲಿಲ್ಲ.

ಹಾಂ, ಚೈನು ಈಗ ಒಣಗಿದೆ, ಎಣ್ಣೆ ಹಾಕು, ಒಳಗಡೆಯಿಂದ, ಚಕ್ರ ತಿರುಗಿಸ್ತಾ. ವಾರಕ್ಕೊಂದು ಸಲ ನೋಡು, ಗೊತ್ತಿಲ್ಲದ್ದನ್ನ ಎರಡು ಸಲ ಕೇಳು, ನಾಚ್ಕೋಬೇಡ. ಇಷ್ಟೇ ನಾನು ಹೇಳೋದು. ವೈಟ್ಟಿಲದ ಈ ಶೆಡ್ಡು ನಂದು, ಆ ಲಿಫ್ಟು, ಗೋಡೆ ಮೇಲಿನ ಸ್ಪ್ಯಾನರ್ ಸೆಟ್ಟು, ಬೋರ್ಡ್ ಮೇಲಿನ ಹೆಸರು, ಎಲ್ಲ ನಂದು. ಅದಕ್ಕೆ ಕೊಟ್ಟಿದ್ದು ಎರಡು ಮಂಡಿ, ಬಲಗೈಯ ಒಂದು ಉಗುರು, ಮತ್ತೆ ಹಾಸನದ ಒಬ್ಬ ಒಳ್ಳೇ ಮನುಷ್ಯ ನನ್ನ ಮೇಲೆ ಇಟ್ಟಿದ್ದ ನಂಬಿಕೆ.